ಫೋರ್ಟ್ ವೈಲ್ಡರ್‌ನೆಸ್‌ಗೆ ಟ್ರೇಲರ್ ಕಾದಿರಿಸಿದವರಿಗೆ: ನವೆಂಬರ್ 1ರಿಂದ ಹೊಸ ವ್ಯವಸ್ಥೆ

ಅಕ್ಟೋಬರ್ 2020

ಮಾನ್ಯ ಗ್ರಾಹಕರೇ,

ನಮಸ್ಕಾರ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಫೋರ್ಟ್ ವೈಲ್ಡರ್‌ನೆಸ್ ಕ್ಯಾಂಪ್‌ಗ್ರೌಂಡ್‌ಗೆ ನಮ್ಮಿಂದ ಟ್ರೇಲರ್ (ಚಕ್ರದ ಮೇಲಿನ ತಂಗುಮನೆ) ಬಾಡಿಗೆಗೆ ಪಡೆಯುವವರಿಗೆ ನವೆಂಬರ್ 1ರಿಂದ ನಾಲ್ಕು ವಿಷಯಗಳು ಬದಲಾಗುತ್ತವೆ. ಫುಲ್ ಹುಕ್-ಅಪ್ (ನೀರು, ಕರೆಂಟು, ಕೊಳಚೆ ಮೂರರ ಸಂಪರ್ಕವೂ) ಇರುವ ಸೈಟುಗಳಿಗೆ ಮಾತ್ರ ಟ್ರೇಲರ್ ತಂದು ನಿಲ್ಲಿಸುತ್ತೇವೆ; ಟೆಂಟ್ ಮತ್ತು ಪಾಪ್-ಅಪ್ (ಮಡಚುವ ಪುಟ್ಟ ಟ್ರೇಲರ್) ಸೈಟುಗಳಿಗೆ ಇನ್ನು ತರುವುದಿಲ್ಲ. ಕೀಲಿಯನ್ನು ಕೈಗಿತ್ತು, ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸುವ ಪದ್ಧತಿ ನಿಲ್ಲುತ್ತದೆ. ಹಾಸಿಗೆ ಬಟ್ಟೆ, ಟವೆಲ್, ಅಡುಗೆ ಪಾತ್ರೆಗಳನ್ನು ಕೊಡುವುದಿಲ್ಲ. ಒಂದು ಕುಟುಂಬ ಹೋದ ಮೇಲೆ ಇನ್ನೊಂದು ಕುಟುಂಬ ಬರುವ ಮುನ್ನ ಟ್ರೇಲರ್ ಒಂದು ಪೂರ್ತಿ ದಿನ ಖಾಲಿ ಇರುತ್ತದೆ. ಬಾಡಿಗೆ ದರ ಹೆಚ್ಚಿಲ್ಲ. ಹಾಸಿಗೆ ಬಟ್ಟೆಗೆಂದು ಮೊದಲೇ ಹಣ ಕಟ್ಟಿದವರಿಗೆ ಅದು ಪೂರ್ತಿ ವಾಪಸ್ಸಾಗುತ್ತದೆ.

ಇವೆಲ್ಲಕ್ಕೂ ಕಾರಣ ಒಂದೇ. ಮಾರ್ಚ್‌ನಲ್ಲಿ ಕೊರೋನಾ ಸೋಂಕಿನಿಂದಾಗಿ ಮುಚ್ಚಿದ್ದ ಕ್ಯಾಂಪ್‌ಗ್ರೌಂಡ್ ಜೂನ್ 22ರಂದು ಮತ್ತೆ ತೆರೆದ ಮೇಲೆ ಜನ ಟ್ರೇಲರನ್ನು ಬಳಸುವ ರೀತಿಯೇ ಬೇರೆಯಾಗಿದೆ. ಮೊದಲೆಲ್ಲ ಟ್ರೇಲರ್ ಎಂದರೆ ರಾತ್ರಿ ಮಲಗುವ ಜಾಗ. ಸ್ನಾನಕ್ಕೆ ಸೈಟುಗಳ ಪ್ರತಿ ಲೂಪಿನ (ಸುತ್ತುರಸ್ತೆಯ) ಹತ್ತಿರವೂ ಎಲ್ಲರೂ ಬಳಸುವ ಕಂಫರ್ಟ್ ಸ್ಟೇಷನ್ ಇತ್ತು, ಊಟ ಪಾರ್ಕಿನಲ್ಲೋ ಕ್ಯಾಂಪ್‌ಗ್ರೌಂಡಿನ ಪಯನಿಯರ್ ಹಾಲಿನ ಹತ್ತಿರವೋ ಆಗುತ್ತಿತ್ತು. ಈಗ ಸ್ನಾನ, ಶೌಚ, ಅಡುಗೆ ಎಲ್ಲವೂ ಟ್ರೇಲರಿನೊಳಗೇ. ಈ ದಿನಗಳಲ್ಲಿ ಟ್ರೇಲರ್ ತೆಗೆದುಕೊಳ್ಳುವುದರ ಅರ್ಥವೂ ಅದೇ ಎಂಬುದು ನಮ್ಮ ಅಭಿಪ್ರಾಯ: ನಿಮ್ಮ ಮನೆಯವರು ಬಿಟ್ಟರೆ ಬೇರೆ ಯಾರೂ ಬಳಸದ ಬಚ್ಚಲು, ಬೇರೆ ಯಾರೂ ಕಾಲಿಡದ ಅಡುಗೆಮನೆ. ಆದರೆ ನಾಲ್ಕೈದು ಜನ ದಿನವಿಡೀ ಬಳಸುವಾಗ ಅದರ ನೀರು, ಕೊಳಚೆ, ಕರೆಂಟು ಮೂರರ ಮೇಲೂ ಹೊರೆ ಬೀಳುತ್ತದೆ. ಟೆಂಟ್ ಮತ್ತು ಪಾಪ್-ಅಪ್ ಸೈಟಿನಲ್ಲಿ ನೀರೂ ಕರೆಂಟೂ ಉಂಟು, ಕೊಳಚೆ ಸಂಪರ್ಕ ಇಲ್ಲ. ಅಲ್ಲಿ ಕೊಳಚೆ ಟ್ಯಾಂಕ್ ತುಂಬಿದರೆ ನಿಂತಲ್ಲೇ ಖಾಲಿ ಮಾಡುವ ದಾರಿ ಇರುವುದಿಲ್ಲ. ಹಾಗಾಗಿ ಆ ಸೈಟುಗಳನ್ನು ಕೈಬಿಟ್ಟಿದ್ದೇವೆ. ಈಗಾಗಲೇ ಅಂಥ ಸೈಟು ಬುಕ್ ಮಾಡಿದ್ದರೆ ಡಿಸ್ನಿಗೆ ಫೋನ್ ಮಾಡಿ ಫುಲ್ ಹುಕ್-ಅಪ್, ಪ್ರಿಫರ್ಡ್ ಅಥವಾ ಪ್ರೀಮಿಯಂ ಸೈಟಿಗೆ ಬದಲಿಸಿಕೊಳ್ಳಿ. ಮೂರರಲ್ಲೂ ಕೊಳಚೆ ಸಂಪರ್ಕ ಇದೆ, ಯಾವುದಾದರೂ ನಮಗೆ ಸರಿಯೇ.

ಬುಕಿಂಗ್ ಎರಡು ಎಂಬುದನ್ನು ಮರೆಯಬೇಡಿ. ಸೈಟು ಡಿಸ್ನಿಯದು, ಟ್ರೇಲರ್ ನಮ್ಮದು. ಒಂದನ್ನು ರದ್ದು ಮಾಡಿದರೆ ಇನ್ನೊಂದು ತಾನಾಗಿ ರದ್ದಾಗುವುದಿಲ್ಲ. ಇದರ ಜೊತೆಗೆ ಈ ವರ್ಷ ಮೂರನೆಯದೊಂದು ಸೇರಿದೆ, ಪಾರ್ಕ್ ಪಾಸ್. ಟಿಕೆಟ್ ಕೈಯಲ್ಲಿದ್ದರೆ ಸಾಲದು. ಯಾವ ದಿನ ಯಾವ ಪಾರ್ಕು ಎಂದು ಮೊದಲೇ ಕಾದಿರಿಸಬೇಕು, ಒಂದು ದಿನಕ್ಕೆ ಒಂದೇ ಪಾರ್ಕು. ಕ್ಯಾಂಪ್‌ಗ್ರೌಂಡಿನಲ್ಲಿ ತಂಗಿದ್ದೀರಿ ಎಂಬ ಕಾರಣಕ್ಕೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಮೊದಲು ಸೈಟು ಬುಕ್ ಮಾಡಿ, ಟಿಕೆಟನ್ನು ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಆ್ಯಪಿಗೆ ಜೋಡಿಸಿ, ಕೂತಲ್ಲೇ ಪಾರ್ಕ್ ದಿನಗಳನ್ನು ಗೊತ್ತುಮಾಡಿಕೊಂಡು, ಆಮೇಲೆ ನಮಗೆ ದಿನಾಂಕ ಖಚಿತಪಡಿಸಿ. ತಲೆಕೆಳಗು ಮಾಡಿದರೆ ಟ್ರೇಲರ್ ಬಂದು ನಿಂತಿರುತ್ತದೆ, ಮಕ್ಕಳು ಕೇಳಿದ ಪಾರ್ಕು ಮಾತ್ರ ಸಿಕ್ಕಿರುವುದಿಲ್ಲ.

ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯಿಂದ ಬರುವವರು ವಾಪಸ್ ಹೋದಮೇಲಿನ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸೋಂಕು ಹೆಚ್ಚಿರುವ ರಾಜ್ಯಗಳೆಂದು ಆ ಎರಡು ರಾಜ್ಯಗಳು ಮಾಡಿರುವ ಪಟ್ಟಿಯಲ್ಲಿ ಫ್ಲೋರಿಡಾ ಈಗ ಇದೆ. ಮರಳಿದವರು 14 ದಿನ ಮನೆಯಲ್ಲೇ ಇರಬೇಕು.

ಇನ್ನು ಬಂದಿಳಿಯುವ ದಿನ. ಸೈಟಿನ ಚೆಕ್-ಇನ್ ಮಧ್ಯಾಹ್ನ 1 ಗಂಟೆಗೆ. ಆ್ಯಪಿನಲ್ಲೇ ಚೆಕ್-ಇನ್ ಮುಗಿಸಿ, ಸೈಟ್ ನಂಬರ್ ಬಂದ ತಕ್ಷಣ ನಮಗೆ ಮೆಸೇಜ್ ಮಾಡಿ. ನಂಬರ್ ತಡವಾದಷ್ಟೂ ನಮ್ಮ ಕೆಲಸ ತಡವಾಗುತ್ತದೆ. ನಮ್ಮವರು ಟ್ರೇಲರನ್ನು ಒಳಕ್ಕೆ ಹಾಕಿ, ಮಟ್ಟ ಮಾಡಿ, ನೀರು, ಕರೆಂಟು, ಕೊಳಚೆ ಪೈಪು ಜೋಡಿಸಿ, ಎ.ಸಿ. ಹಾಕಿ ಹೊರಡುತ್ತಾರೆ. ಅವರು ಹೊರಟ ಮೇಲೆ ನಿಮಗೆ ಎರಡು ಸಂದೇಶ ಬರುತ್ತವೆ. ಒಂದರಲ್ಲಿ ಬಾಗಿಲ ಪಕ್ಕದ ಹಿಡಿಗೆ ಸಿಕ್ಕಿಸಿದ ಕೀಲಿಪೆಟ್ಟಿಗೆಯ ಕೋಡ್, ಇನ್ನೊಂದರಲ್ಲಿ ನಿಮ್ಮದೇ ಟ್ರೇಲರಿನ ವಿಡಿಯೋ. ಪ್ರತಿ ಟ್ರೇಲರಿನ ವಾಲ್ವು, ಸ್ವಿಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದೇ ವಿಡಿಯೋ ಎಲ್ಲರಿಗೂ ಕಳಿಸುವುದಿಲ್ಲ. ಅದನ್ನು ನೋಡಿದ ಮೇಲೂ ಗೊಂದಲವಿದ್ದರೆ ವಿಡಿಯೋ ಕರೆ ಮಾಡಿ. ಸಂಕೋಚ ಬೇಡ, ತಿಳಿಯದೆ ಒಂದು ವಾಲ್ವು ತಿರುಗಿಸುವುದಕ್ಕಿಂತ ಹತ್ತು ಸಲ ಕೇಳುವುದು ಒಳ್ಳೆಯದು.

ಈಗ ಮುಖ್ಯ ವಿಷಯ, ಟ್ಯಾಂಕುಗಳು. ಟ್ರೇಲರಿನಡಿ ಎರಡು ಟ್ಯಾಂಕ್ ಇವೆ. ಶೌಚದ್ದು ಬ್ಲ್ಯಾಕ್ ಟ್ಯಾಂಕ್, ಸ್ನಾನ ಮತ್ತು ಸಿಂಕಿನದು ಗ್ರೇ ಟ್ಯಾಂಕ್. ನಮ್ಮ ಟ್ರೇಲರುಗಳಲ್ಲಿ ಎರಡೂ ಸುಮಾರು 30 ಗ್ಯಾಲನ್‌ನವು, ಎಂದರೆ 113 ಲೀಟರ್. ಬ್ಲ್ಯಾಕ್ ಟ್ಯಾಂಕಿನ ವಾಲ್ವು ಸದಾ ಮುಚ್ಚಿರಬೇಕು. ಕೊಳಚೆ ಪೈಪು ಹೇಗೂ ಜೋಡಿಸಿದೆಯಲ್ಲ, ತೆರೆದೇ ಬಿಡೋಣ ಎಂದು ಹಲವರಿಗೆ ಅನಿಸುತ್ತದೆ. ಹಾಗೆ ಬಿಟ್ಟರೆ ನೀರಷ್ಟೇ ಹರಿದುಹೋಗಿ ಗಟ್ಟಿ ಮಲ, ಕಾಗದ ತಳದಲ್ಲೇ ಉಳಿದು ಗುಡ್ಡೆಯಾಗುತ್ತವೆ. ಮೂರನೆಯ ದಿನದ ಹೊತ್ತಿಗೆ ಅದು ಟಾಯ್ಲೆಟ್ ಬಾಯಿಯ ನೇರಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ಎಷ್ಟು ನೀರು ಹೊಯ್ದರೂ ಕದಲುವುದಿಲ್ಲ. ಟ್ಯಾಂಕ್ ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಗೇ ತೆರೆದರೆ ಆ ನೀರಿನ ರಭಸವೇ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ನಾಲ್ಕು ಜನ ಒಳಗೇ ಶೌಚ ಮಾಡಿದರೆ ಎರಡು ಮೂರು ದಿನಕ್ಕೊಮ್ಮೆ ಈ ಕೆಲಸ ಬರುತ್ತದೆ.

ಖಾಲಿ ಮಾಡುವ ಕ್ರಮ ಹೀಗೆ. ಹಿಂದಿನ ಸಂಜೆ ಗ್ರೇ ವಾಲ್ವು ಮುಚ್ಚಿ, ಸ್ನಾನದ ನೀರು ಒಂದಿಷ್ಟು ಕೂಡಲಿ. ಮರುದಿನ ಕೈಗವಸು ಹಾಕಿಕೊಂಡು ಮೊದಲು ಬ್ಲ್ಯಾಕ್ ವಾಲ್ವನ್ನು ಪೂರ್ತಿ ಎಳೆಯಿರಿ. ಅರ್ಧ ಎಳೆದರೆ ರಭಸ ಬರುವುದಿಲ್ಲ. ಸದ್ದು ನಿಂತ ಮೇಲೆ ಅದನ್ನು ಮುಚ್ಚಿ ಗ್ರೇ ವಾಲ್ವು ತೆರೆಯಿರಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೊನೆಗೆ ಟಾಯ್ಲೆಟ್ಟಿನ ಪೆಡಲ್ ಒತ್ತಿ ಹಿಡಿದು ಮೂರು ನಾಲ್ಕು ಗ್ಯಾಲನ್ ನೀರು ಬಿಟ್ಟು, ನಾವು ಇಟ್ಟಿರುವ ಔಷಧಿಯ ಒಂದು ಪೊಟ್ಟಣ ಹಾಕಿ. ಟ್ಯಾಂಕ್ ಎಂದೂ ಒಣಗಿರಬಾರದು.

ಗ್ರೇ ವಾಲ್ವನ್ನು ಉಳಿದ ದಿನ ತೆರೆದಿಟ್ಟರೆ ತೊಂದರೆಯಿಲ್ಲ. ಮುಚ್ಚಿದ ರಾತ್ರಿ ಮಾತ್ರ ಎಚ್ಚರ: ಒಬ್ಬರು ಐದು ನಿಮಿಷ ಶವರ್ ಬಿಟ್ಟರೆ ಸುಮಾರು 10 ಗ್ಯಾಲನ್, ಮೂವರ ಸ್ನಾನಕ್ಕೆ ಟ್ಯಾಂಕ್ ತುಂಬಿತು. ತುಂಬಿದ ನೀರು ಮೊದಲು ಉಕ್ಕುವುದು ಶವರಿನ ತಟ್ಟೆಯಲ್ಲಿ, ಏಕೆಂದರೆ ಇಡೀ ಟ್ರೇಲರಿನಲ್ಲಿ ಅದೇ ತಗ್ಗಿನ ಬಾಯಿ. ಕಾಲಡಿ ಬೂದು ನೀರು ಕಂಡರೆ ಗಾಬರಿ ಬೇಡ, ಹೊರಗೆ ಹೋಗಿ ಗ್ರೇ ವಾಲ್ವು ಎಳೆಯಿರಿ.

ಈ ವರ್ಷ ಪೈಪು ಕಟ್ಟಿಕೊಂಡಾಗಲೆಲ್ಲ ಹೊರಬರುತ್ತಿರುವುದು ಸೋಂಕುನಿವಾರಕ ವೈಪ್ಸ್. ಪೊಟ್ಟಣದ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದಿದ್ದರೂ ಅವು ಟ್ಯಾಂಕಿನಲ್ಲಿ ಕರಗುವುದಿಲ್ಲ. ಒಂದೂ ಟಾಯ್ಲೆಟ್ಟಿಗೆ ಬೀಳಬಾರದು. ಬಚ್ಚಲಲ್ಲಿ ಮುಚ್ಚಳವಿರುವ ಡಬ್ಬಿ ಅದಕ್ಕೆಂದೇ ಇದೆ. ಬ್ಲೀಚ್ ಕೂಡ ಟಾಯ್ಲೆಟ್ಟಿಗೆ ಸುರಿಯಬೇಡಿ. ಪೆಡಲ್ ಕೆಳಗಿನ ರಬ್ಬರ್ ಸೀಲ್ ಅದರಿಂದ ಒಣಗಿ ಬಿರಿಯುತ್ತದೆ, ಟ್ಯಾಂಕಿನ ವಾಸನೆ ನೇರ ಮೇಲೆ ಬರುತ್ತದೆ. ಮಲವನ್ನು ಕರಗಿಸುವ ಬ್ಯಾಕ್ಟೀರಿಯಾ ಸತ್ತು ವಾಸನೆ ಇನ್ನಷ್ಟು ಹೆಚ್ಚುತ್ತದೆ.

ಬಿಸಿನೀರಿನ ಟ್ಯಾಂಕ್ 6 ಗ್ಯಾಲನ್ ಮಾತ್ರ. ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ಬಿಟ್ಟರೆ ಇಬ್ಬರಿಗೆ ಸಾಕು. ಆಮೇಲೆ ಅರ್ಧ ಗಂಟೆ ಬಿಡಿ. ಪಾರ್ಕಿನಿಂದ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ನಿಂತರೆ ಕೊನೆಯವರಿಗೆ ತಣ್ಣೀರೇ ಗತಿ.

ಕರೆಂಟಿನ ಲೆಕ್ಕ ಸರಳ. ನಮ್ಮ ಟ್ರೇಲರುಗಳು 30 ಆಂಪಿನವು. 120 ವೋಲ್ಟಿಗೆ 3,600 ವಾಟ್. ಎ.ಸಿ. ಒಂದೇ 13ರಿಂದ 15 ಆಂಪ್ ಎಳೆಯುತ್ತದೆ. 1,500 ವಾಟಿನ ಹೇರ್ ಡ್ರೈಯರ್‌ಗೆ ಹನ್ನೆರಡೂವರೆ, ಬಿಸಿನೀರಿನ ಟ್ಯಾಂಕನ್ನು ಕರೆಂಟಿನಲ್ಲಿ ಹಾಕಿದರೆ ಅದಕ್ಕೆ ಹನ್ನೆರಡು. ಮೂರೂ ಒಟ್ಟಿಗೆ ನಡೆಯುವುದಿಲ್ಲ, ಬ್ರೇಕರ್ ಬೀಳುತ್ತದೆ. ಬಿಸಿನೀರನ್ನು ಗ್ಯಾಸಿನಲ್ಲಿಡಿ, ಮೈಕ್ರೋವೇವ್ ಅಥವಾ ಡ್ರೈಯರ್ ಹಾಕುವಾಗ ಎ.ಸಿ. ಸ್ವಲ್ಪ ಹೊತ್ತು ಆರಿಸಿ. ಬ್ರೇಕರ್ ಬಿದ್ದರೆ ಮೊದಲು ಒಳಗಿನ ಪ್ಯಾನೆಲ್ ನೋಡಿ, ಆಮೇಲೆ ಸೈಟಿನ ಕಂಬದ್ದು. ಕಂಬಕ್ಕೂ ನಮ್ಮ ಕೇಬಲ್ಲಿಗೂ ನಡುವಿನ ಸರ್ಜ್ ಪ್ರೊಟೆಕ್ಟರನ್ನು (ಕರೆಂಟು ದಿಢೀರ್ ಏರಿದರೆ ತಡೆಯುವ ಸಾಧನ) ದಯವಿಟ್ಟು ಕಳಚಬೇಡಿ. ಗಾಲ್ಫ್ ಕಾರ್ಟ್ ಚಾರ್ಜ್ ಮಾಡಲು ಅದೇ ಕಂಬದಲ್ಲಿ 20 ಆಂಪಿನ ಪ್ರತ್ಯೇಕ ಸಾಕೆಟ್ ಇದೆ.

ಗಾಳಿಯ ಬಗ್ಗೆ ಒಂದು ಮಾತು, ಇದನ್ನು ಗಮನವಿಟ್ಟು ಓದಿ. ಟ್ರೇಲರಿನ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ. ಬಚ್ಚಲಿನ ಚಾವಣಿಯ ಫ್ಯಾನನ್ನು ಗಾಳಿ ಹೊರಹೋಗುವಂತೆ ಹಾಕಿ, ಟ್ರೇಲರಿನ ಇನ್ನೊಂದು ತುದಿಯ ಕಿಟಕಿಯನ್ನು ಎರಡು ಮೂರು ಇಂಚು ತೆರೆದಿಡಿ. ಎದುರುಬದುರು ತುದಿ ಎಂಬುದು ಮುಖ್ಯ. ಪಕ್ಕದ ಕಿಟಕಿ ತೆರೆದರೆ ಗಾಳಿ ಅಲ್ಲಿಂದಲ್ಲಿಗೇ ಹೋಗುತ್ತದೆ. ಫ್ಯಾನಿನ ಮೇಲೆ ಮಳೆಮುಚ್ಚಳ ಇರುವುದರಿಂದ ಮಳೆಯಲ್ಲೂ ನಿಲ್ಲಿಸಬೇಕಿಲ್ಲ. ನಮ್ಮವರು ಯಾರಾದರೂ ರಿಪೇರಿಗೆ ಒಳಗೆ ಬರಬೇಕಾದರೆ ಅದಕ್ಕೆ ಅರ್ಧ ಗಂಟೆ ಮೊದಲೇ ಹೀಗೆ ಮಾಡಿ, ನೀವೆಲ್ಲ ಹೊರಗಿರಿ. ಅವರು ಮಾಸ್ಕ್ ಹಾಕಿಯೇ ಬರುತ್ತಾರೆ.

ಸೋಂಕುನಿವಾರಕ ಸ್ಪ್ರೇಯನ್ನು ಒಳಗೆ ಗಾಳಿಯಲ್ಲಿ ಸಿಂಪಡಿಸಬೇಡಿ. ನೆಲದ ಹತ್ತಿರ ಗ್ಯಾಸ್ ಸೋರಿಕೆ ಪತ್ತೆ ಮಾಡುವ ಸಾಧನವಿದೆ. ಆಲ್ಕೋಹಾಲ್ ಆವಿ, ಸ್ಪ್ರೇ ಎರಡಕ್ಕೂ ಅದು ಕೂಗಿಕೊಳ್ಳುತ್ತದೆ. ಸ್ಪ್ರೇಯಿಂದಲೇ ಇರಬೇಕೆಂದು ಅದರ ಬಾಯಿ ಮುಚ್ಚಿಸಿದರೆ ನಿಜವಾಗಿ ಗ್ಯಾಸ್ ಸೋರಿದಾಗ ತಿಳಿಯುವುದಿಲ್ಲ. ಕೂಗಿದರೆ ಒಲೆ ಆರಿಸಿ, ಎಲ್ಲರೂ ಹೊರಗೆ ಬಂದು ನಮಗೆ ಫೋನ್ ಮಾಡಿ. ಸ್ಯಾನಿಟೈಜರ್ ಹಚ್ಚಿದ ಕೈ ಪೂರ್ತಿ ಒಣಗುವವರೆಗೆ ಒಲೆ ಹೊತ್ತಿಸಬೇಡಿ.

ಖಾಲಿ ದಿನದಲ್ಲಿ ನಾವು ಏನು ಮಾಡುತ್ತೇವೆ ಎಂಬುದೂ ನಿಮಗೆ ತಿಳಿದಿರಲಿ. ಮೊದಲ 24 ಗಂಟೆ ಕಿಟಕಿ ತೆರೆದು ಬಿಡುತ್ತೇವೆ, ಯಾರೂ ಒಳಗೆ ಹೋಗುವುದಿಲ್ಲ. ನಂತರ ಮೊದಲು ಸೋಪು ನೀರಿನಿಂದ ಒರೆಸುತ್ತೇವೆ. ಕೊಳೆಯ ಮೇಲೆ ಬ್ಲೀಚ್ ಸರಿಯಾಗಿ ಕೆಲಸ ಮಾಡದು. ಆಮೇಲೆ ಒಂದು ಗ್ಯಾಲನ್ ನೀರಿಗೆ ಮೂರನೇ ಒಂದು ಕಪ್ ಬ್ಲೀಚ್ ಬೆರೆಸಿ ಹಿಡಿ, ಸ್ವಿಚ್ಚು, ನಲ್ಲಿ, ಮೇಜುಗಳ ಮೇಲೆ ಕನಿಷ್ಠ ಒಂದು ನಿಮಿಷ ಒದ್ದೆಯಾಗಿ ಬಿಟ್ಟು ತೊಳೆಯುತ್ತೇವೆ. ಹಾಸಿಗೆಗಳಿಗೆ ನೀರು ಹೀರದ ಜಿಪ್ ಕವರ್ ಹಾಕಿದ್ದೇವೆ, ಅದನ್ನೂ ಹಾಗೆಯೇ ಒರೆಸುತ್ತೇವೆ. ಬಟ್ಟೆ ಪರದೆಗಳನ್ನು ತೆಗೆದಿದ್ದೇವೆ.

ನೀವು ತರಬೇಕಾದವು: ಹಾಸಿಗೆ ಬಟ್ಟೆ, ದಿಂಬು, ಟವೆಲ್, ತಟ್ಟೆ ಲೋಟ, ಎರಡು ಪಾತ್ರೆ, ಒಂದು ಬಾಣಲೆ, ಚಾಕು, ಪಾತ್ರೆ ತೊಳೆಯುವ ಸೋಪು, ಬೇಗ ಕರಗುವ ಒಂದು ಪದರದ ಟಾಯ್ಲೆಟ್ ಕಾಗದ. ದೊಡ್ಡ ಹಾಸಿಗೆ 60×75 ಇಂಚಿನದು, ಮನೆಯ ಕ್ವೀನ್ ಹಾಸಿಗೆಗಿಂತ 5 ಇಂಚು ಗಿಡ್ಡ. ಮನೆಯ ಬೆಡ್‌ಶೀಟ್ ಆಗುತ್ತದೆ, ಕಾಲ ಕಡೆ ಮಡಿಚಿ ಸಿಕ್ಕಿಸಿ. ದಿನಸಿಯನ್ನು ದಾರಿಯಲ್ಲೇ ಕೊಂಡು ಬನ್ನಿ. ಕ್ಯಾಂಪ್‌ಗ್ರೌಂಡಿನ ರೆಸ್ಟೋರೆಂಟ್ ಆದ ಟ್ರೇಲ್ಸ್ ಎಂಡ್‌ನಲ್ಲಿ ಈಗ ಪಾರ್ಸೆಲ್ ಮಾತ್ರ. ಊಟದ ಜೊತೆಗಿನ ಹೂಪ್-ಡೀ-ಡೂ ಪ್ರದರ್ಶನ, ಡಿಸ್ನಿ ಕಾರ್ಟೂನಿನ ಚಿಪ್ ಮತ್ತು ಡೇಲ್ ಜೊತೆಗಿನ ಶಿಬಿರಾಗ್ನಿಯ ಹಾಡು ಎರಡೂ ಇಲ್ಲ. ಮಕ್ಕಳಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಡಿ.

ಮಾಸ್ಕ್ ಎರಡು ವರ್ಷ ದಾಟಿದ ಎಲ್ಲರಿಗೂ ಕಡ್ಡಾಯ. ಕತ್ತಿನಿಂದ ಮೇಲೆಳೆದುಕೊಳ್ಳುವ ಗೇಟರ್, ವಾಲ್ವ್ ಇರುವ ಮಾಸ್ಕ್ ನಡೆಯುವುದಿಲ್ಲ. ಪಾರ್ಕಿನ ಬಾಗಿಲಲ್ಲಿ ಜ್ವರ ನೋಡುತ್ತಾರೆ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಒಳಗೆ ಬಿಡುವುದಿಲ್ಲ. ಬಸ್ಸುಗಳಲ್ಲಿ ಕುಟುಂಬಗಳ ನಡುವೆ ಪಾರದರ್ಶಕ ತಡೆ ಹಾಕಿದ್ದಾರೆ, ಒಂದು ಸಲಕ್ಕೆ ಹತ್ತುವ ಜನ ಕಡಿಮೆ, ಕಾಯುವುದು ಹೆಚ್ಚು. ಕ್ಯಾಂಪ್‌ಗ್ರೌಂಡ್ ಸುಮಾರು 750 ಎಕರೆ ಇರುವುದರಿಂದ ಗಾಲ್ಫ್ ಕಾರ್ಟ್ ಈಗ ಬಹಳ ಉಪಯೋಗಕ್ಕೆ ಬರುತ್ತದೆ. ಬೇಗ ಖಾಲಿಯಾಗುತ್ತವೆ, ಸೈಟಿನ ಜೊತೆಗೇ ಕೇಳಿಬಿಡಿ.

ಹೊರಡುವ ದಿನ 11 ಗಂಟೆಯೊಳಗೆ ಸೈಟು ಬಿಡಬೇಕು. ಬ್ಲ್ಯಾಕ್, ಆಮೇಲೆ ಗ್ರೇ ಟ್ಯಾಂಕ್ ಖಾಲಿ ಮಾಡಿ ಎರಡೂ ವಾಲ್ವು ಮುಚ್ಚಿ. ಕಸ ಕಟ್ಟಿ ಹೊರಗೆ ಹಾಕಿ, ಫ್ರಿಜ್ ಬರಿದು ಮಾಡಿ, ಫ್ಯಾನ್ ಓಡುತ್ತಿರಲಿ, ಕೀಲಿಯನ್ನು ಪೆಟ್ಟಿಗೆಯಲ್ಲಿಟ್ಟು ಮೆಸೇಜ್ ಮಾಡಿ. ಗುಡಿಸಿ ಒರೆಸುವ ಕೆಲಸ ನಮಗೆ ಬಿಡಿ.

ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ರುಚಿ ವಾಸನೆ ತಿಳಿಯದಿರುವುದು ಕಂಡರೆ ದಯವಿಟ್ಟು ಹೊರಡಬೇಡಿ. ಆ ಕಾರಣಕ್ಕೆ ಎಷ್ಟೇ ಕೊನೆಗಳಿಗೆಯಲ್ಲಿ ರದ್ದು ಮಾಡಿದರೂ ಪೂರ್ತಿ ಹಣ ಹಿಂದಿರುಗಿಸುತ್ತೇವೆ, ವೈದ್ಯರ ಚೀಟಿ ಕೇಳುವುದಿಲ್ಲ. ಬೇರೆ ಕಾರಣಕ್ಕೆ ದಿನಾಂಕ ಬದಲಿಸುವುದಾದರೆ 72 ಗಂಟೆ ಮೊದಲು ತಿಳಿಸಿ, ಅದಕ್ಕೂ ಶುಲ್ಕವಿಲ್ಲ.

ನವೆಂಬರ್ ಮತ್ತು ಡಿಸೆಂಬರ್‌ಗೆ ಈಗಾಗಲೇ ಕಾದಿರಿಸಿದವರು ಈ ತಿಂಗಳ ಕೊನೆಯೊಳಗೆ ಉತ್ತರಿಸಿ: ಸೈಟು ಯಾವ ಬಗೆಯದು, ಒಟ್ಟು ಎಷ್ಟು ಜನ, ಪಾರ್ಕ್ ಪಾಸ್ ಆಗಿದೆಯೇ. ಖಾಲಿ ದಿನ ಸೇರಿಸಿದ್ದರಿಂದ ಕೆಲವರ ದಿನಾಂಕ ಒಂದು ದಿನ ಹಿಂದೆ ಮುಂದೆ ಆಗಬೇಕಾಗಿದೆ. ಅಂಥವರಿಗೆ ನಾವೇ ಈ ವಾರ ಫೋನ್ ಮಾಡುತ್ತೇವೆ. ಹೊಸ ದಿನ ಹೊಂದದಿದ್ದರೆ ಮುಂಗಡ ಪೂರ್ತಿ ವಾಪಸ್.

ಇತಿ ನಿಮ್ಮ ವಿಶ್ವಾಸಿಗಳು,
ಟ್ರೇಲರ್ ಬಾಡಿಗೆ ಬಳಗ