ಆ ಹನ್ನೆರಡು ಹಾಳೆಗಳು

ಪ್ರೀತಿಯ ಘರ್ಷಣೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ನಿನ್ನ ನಂಬರ್ ತೆಗೆದೆ, ಮೂರು ಸಲವೂ ಫೋನ್ ಕೆಳಗಿಟ್ಟೆ. ಕೊನೆಗೆ ಎಲ್ಲರೂ ಓದುವ ಜಾಗದಲ್ಲೇ ಬರೆಯೋಣ ಅನ್ನಿಸಿತು. ಯಾಕೆ ಅಂತ ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ. ಉಳಿದವರಿಗೆ ಇಷ್ಟು ಗೊತ್ತಾದರೆ ಸಾಕು: ಘರ್ಷಣೆ ನನ್ನ ಗೆಳೆಯ, ಧಾರವಾಡದವನು, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಆ ಹೆಸರು ಹೇಗೆ ಬಂತು ಅನ್ನುವುದು ನಮ್ಮಿಬ್ಬರಲ್ಲೇ ಇರಲಿ.

ನಾನು ಕ್ಷೇಮ. ಛತ್ರಿಯೂ ಕ್ಷೇಮ, ಒಂದು ಕಡ್ಡಿ ಮುರಿದಿದೆ ಅಷ್ಟೇ. ಗುರುತ್ವದ ಜಿ ಬೆಲೆ ಬೆಂಗಳೂರಿನಲ್ಲಿ ಇನ್ನೂ ನಮ್ಮ ಲೆಕ್ಕದ ಹತ್ತೇ.

ಕಳೆದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಈಗ ಒಂಬತ್ತನೇ ಕ್ಲಾಸ್. ಅವಳ ಶಾಲೆಯ ಒಳಗೇ ಐಐಟಿ ಫೌಂಡೇಶನ್ ಕೋರ್ಸ್ ನಡೆಯುತ್ತದೆ. ಹದಿನಾರು ತುಂಬದ ಮಕ್ಕಳನ್ನು ಕೋಚಿಂಗ್ ಸೆಂಟರ್‌ಗಳು ಸೇರಿಸಿಕೊಳ್ಳಬಾರದು ಅಂತ ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಮಾರ್ಗಸೂಚಿ ತಂದಿತಲ್ವಾ. ಶಾಲೆಯೇ ಕೋಚಿಂಗ್ ಆಗಿಬಿಟ್ಟರೆ ಅದು ಯಾರನ್ನು ತಡೆಯುತ್ತದೆ ಹೇಳು. ವಾರ ವಾರ ಟೆಸ್ಟ್. ಅಂಕ ನೋಡಿ ಮಕ್ಕಳನ್ನು ಮೇಲಿನ ಬ್ಯಾಚು, ಕೆಳಗಿನ ಬ್ಯಾಚು ಅಂತ ಎತ್ತಿ ಇಳಿಸುತ್ತಾರೆ. ಇನ್ನೂ ಹದಿನಾಲ್ಕು ವರ್ಷ ಆ ಹುಡುಗಿಗೆ.

ನಾನು ಅಲ್ಲಿ ಕೂತಿದ್ದಾಗ ಅವಳ ಗೆಳತಿ ಫೋನ್ ಮಾಡಿದಳು. ಯಾವುದೋ ಕ್ಲಾಸಿನ ನೋಟ್ಸ್ ಬೇಕಿತ್ತಂತೆ. "ನಾನೂ ಬರ್ಕೊಂಡಿಲ್ಲ ಕಣೇ" ಅಂದಳು ನಮ್ಮ ಹುಡುಗಿ. ನೋಟ್‌ಬುಕ್ ಅವಳ ಮುಂದೆಯೇ ತೆರೆದಿತ್ತು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. "ಅವಳೂ ಮೇಲಿನ ಬ್ಯಾಚ್‌ಗೆ ಟ್ರೈ ಮಾಡ್ತಿದಾಳೆ ಮಾಮಾ" ಅಂದಳು. ಮುಖದಲ್ಲಿ ನಾಚಿಕೆ ಇರಲಿಲ್ಲ, ಹಟವೂ ಇರಲಿಲ್ಲ. ಗಂಟೆ ಎಷ್ಟಾಯಿತು ಅಂತ ಕೇಳಿದರೆ ಹೇಳುತ್ತಾರಲ್ಲ, ಹಾಗೆ ಹೇಳಿದಳು.

ಅವಳನ್ನು ಕೂರಿಸಿಕೊಂಡು ನಮ್ಮ ಕಥೆ ಹೇಳಿದೆ. ಅದೇ, ಒಂದು ಪುಸ್ತಕ ಇಬ್ಬರು ಹುಡುಗರ ಕಥೆ. ಅಪ್ಪನ ಬ್ಯಾಂಕ್ ಸಂಬಳದಲ್ಲಿ ನನಗೆ ಅಂಚೆ ಕೋಚಿಂಗ್‌ನ ಪುಸ್ತಕಗಳು ಬರುತ್ತಿದ್ದವು. ನಿಮ್ಮಪ್ಪನ ಹೊಲಿಗೆ ಮಷೀನಿನ ದುಡಿಮೆಯಲ್ಲಿ ಅದು ಆಗುವ ಮಾತಲ್ಲ. ಬೆಳಿಗ್ಗೆ ನಾನು ಓದುವುದು, ಸಂಜೆ ನೀನು ಒಯ್ಯುವುದು. ಹತ್ತನೇ ಕ್ಲಾಸಿನವರೆಗೆ ಇಬ್ಬರದೂ ಕನ್ನಡ ಮೀಡಿಯಂ. ಪಿಯುಸಿಗೆ ಬಂದಾಗ ಗೊತ್ತಿದ್ದ ವಿಷಯವೇ ಗೊತ್ತಿಲ್ಲದ ಹೆಸರು ಹಾಕಿಕೊಂಡು ಎದುರು ನಿಂತಿತ್ತು. ನೀನು ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಕನ್ನಡ ಪದ ಬರೆದಿಡುತ್ತಿದ್ದೆ. ನಾನು ಕೆಮಿಸ್ಟ್ರಿಯ ಮೋಲ್ ಲೆಕ್ಕ ಕಲಿತದ್ದು ಆ ಅಂಚುಗಳಿಂದ. ಇದೆಲ್ಲ ನಿಜ. ಇದನ್ನು ನಾನು ಹಾಸ್ಟೆಲಿನಲ್ಲಿ ಹೇಳಿದ್ದೇನೆ, ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಹೇಳಿದ್ದೇನೆ, ಫೇಸ್‌ಬುಕ್‌ನಲ್ಲಿ ಬರೆದು ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೇನೆ. ನೀನು ಅದರ ಕೆಳಗೆ "ಛತ್ರಿ ಬಿಟ್ಟಿದ್ದೀಯಲ್ಲ" ಅಂತಷ್ಟೇ ಬರೆದಿದ್ದೆ.

ಹುಡುಗಿ ಪೂರ್ತಿ ಕೇಳಿದಳು. ಆಮೇಲೆ, "ಎಲ್ಲಾನೂ ಶೇರ್ ಮಾಡ್ತಿದ್ರಾ ಮಾಮಾ?" ಅಂದಳು.

"ಎಲ್ಲಾನೂ" ಅಂದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

2004ರ ಮೇ ನೆನಪಿದೆಯಾ. ಐಐಟಿ ಸೇರುವ ಪರೀಕ್ಷೆ ಜೆಇಇಗೆ ಆಗ ಎರಡು ಹಂತ. ಮೊದಲು ಟಿಕ್ ಹಾಕುವ ಸ್ಕ್ರೀನಿಂಗ್, ಅದು ದಾಟಿದರೆ ಬಿಡಿಸಿ ಬರೆಯುವ ಮೇನ್ಸ್. ಸ್ಕ್ರೀನಿಂಗ್‌ನಲ್ಲಿ ಇಬ್ಬರೂ ಪಾಸಾಗಿದ್ದೆವು. ಮೇನ್ಸ್‌ಗೆ ಒಂದೂವರೆ ತಿಂಗಳು ಇರುವಾಗ ನಾನು ಒಬ್ಬನೇ ಬೆಂಗಳೂರಿಗೆ ಬಂದಿದ್ದೆ, ಚಿಕ್ಕಪ್ಪನ ಮನೆಗೆ. ಅಲ್ಲಿ ಪಕ್ಕದ ಮನೆಯ ಹುಡುಗ ದೊಡ್ಡ ಕೋಚಿಂಗ್‌ಗೆ ಹೋಗುತ್ತಿದ್ದ. ರೊಟೇಶನ್, ಅಂದರೆ ತಿರುಗುವ ವಸ್ತುಗಳ ಫಿಸಿಕ್ಸ್ ಮೇಲೆ ಅವರ ಮೇಷ್ಟ್ರು ಬಿಡಿಸಿಕೊಟ್ಟ ಲೆಕ್ಕಗಳನ್ನು ನನಗೆ ಝೆರಾಕ್ಸ್ ಮಾಡಿಸಿಕೊಟ್ಟ. ಹನ್ನೆರಡು ಹಾಳೆ. ಉರುಳುವ ಸಿಲಿಂಡರ್, ಜಾರುವ ಸರಳು, ಹಗ್ಗ ಸುತ್ತಿದ ಗಾಲಿ, ಎಲ್ಲವೂ ಇತ್ತು. ರೊಟೇಶನ್ ಅಂದರೆ ನಿನಗೆ ಆಗ ಜೀವ ಹೋಗುತ್ತಿತ್ತು.

ಆ ಹಾಳೆಗಳನ್ನು ನಾನು ನಿನಗೆ ತೋರಿಸಲಿಲ್ಲ.

ಮರೆತೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ ಕಣೋ. ನೀನು ಸಂಜೆ ಮನೆಗೆ ಬರುವ ಹೊತ್ತಿಗೆ ಅವನ್ನು ಹಾಸಿಗೆಯ ಕೆಳಗೆ ಇಡುತ್ತಿದ್ದೆ. ನೀನು ಹೋದ ಮೇಲೆ ತೆಗೆಯುತ್ತಿದ್ದೆ. ಪರೀಕ್ಷೆ ಬರೆಯಲು ಹೊರಟ ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ನಿನ್ನ ಪಕ್ಕದಲ್ಲಿ ಕೂತಿದ್ದಾಗಲೂ ಅವು ನನ್ನ ಕಾಲಡಿಯ ಬ್ಯಾಗಿನಲ್ಲೇ ಇದ್ದವು. ರಾಣೇಬೆನ್ನೂರು ದಾಟಿದ ಮೇಲೆ ಮಳೆ ಶುರುವಾಯಿತು. ನೀನು ಕಿಟಕಿ ಎಳೆದುಕೊಳ್ಳುತ್ತಾ ಹೇಳಿದೆ, "ಲೇ, ಈ ರೊಟೇಶನ್ ಒಂದು ಕೈ ಕೊಡ್ತೈತಿ ನೋಡ್." ನಾನು "ನಂದೂ ಅದೇ ಕತಿ" ಅಂದೆ.

ಪರೀಕ್ಷೆಯಲ್ಲಿ ಆ ಹಾಳೆಯ ಒಂದು ಲೆಕ್ಕವೂ ಬರಲಿಲ್ಲ. ಇದನ್ನು ನೆಪಕ್ಕೆ ಹೇಳುತ್ತಿಲ್ಲ. ನಿನಗೆ ತೋರಿಸಿದ್ದರೆ ನಾನು ಕಳೆದುಕೊಳ್ಳುವುದು ಏನೂ ಇರಲಿಲ್ಲ, ನೀನು ಗಳಿಸುವುದೂ ಬಹುಶಃ ಏನೂ ಇರಲಿಲ್ಲ. ಆದರೂ ಮುಚ್ಚಿಟ್ಟೆ. ಯಾಕೆ? ಲಕ್ಷಾಂತರ ಮಂದಿ ಬರೆಯುವ ಪರೀಕ್ಷೆ ಅದು. ಅಷ್ಟು ಜನರಲ್ಲಿ ನನ್ನ ಕಣ್ಣಿಗೆ ಕಾಣುತ್ತಿದ್ದ ಮುಖ ಒಂದೇ, ನಿನ್ನದು. ಕಾಣದವರ ಜೊತೆ ಓಡುವುದು ಹೇಗೆ ಅಂತ ಗೊತ್ತಿರಲಿಲ್ಲ. ಅದಕ್ಕೇ ನಿನ್ನ ಜೊತೆ ಓಡಿದೆ.

ಇಲ್ಲಿಗೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಇನ್ನೊಂದು ಇದೆ, ಅದು ಇದಕ್ಕಿಂತ ಕಷ್ಟದ್ದು.

ಫಲಿತಾಂಶದ ದಿನ ಸೈಬರ್ ಸೆಂಟರಿನಲ್ಲಿ ಮೊದಲು ನನ್ನ ನಂಬರ್ ಹಾಕಿದೆವು. ರ‍್ಯಾಂಕ್ ಬಂತು. ಆಮೇಲೆ ನಿನ್ನದು ಹಾಕಿದೆವು. ಬರಲಿಲ್ಲ. ಮತ್ತೊಮ್ಮೆ ಹಾಕಿದೆವು. ಆಗ ನಮಗೆ ಅಂಕಗಳನ್ನು ತಿಳಿಸುತ್ತಿರಲಿಲ್ಲ, ಸಿಕ್ಕವರಿಗೆ ರ‍್ಯಾಂಕ್ ಮಾತ್ರ. ಸಿಗದವರಿಗೆ ಎಷ್ಟರಲ್ಲಿ ತಪ್ಪಿತು ಅನ್ನುವುದೂ ತಿಳಿಯುತ್ತಿರಲಿಲ್ಲ. ನೀನು ಒಂದು ನಿಮಿಷ ಪರದೆ ನೋಡಿದೆ. ಆಮೇಲೆ ನನ್ನ ಬೆನ್ನಿಗೆ ಜೋರಾಗಿ ಗುದ್ದಿ, "ನಿಮ್ಮವ್ವಗ ನಾನೇ ಮೊದಲ ಹೇಳ್ತೀನಿ" ಅಂತ ಸೈಕಲ್ ಹತ್ತಿದೆ. ನನ್ನ ಮನೆಗೆ ನನ್ನ ಸುದ್ದಿ ತಂದವನು ನೀನು.

ನೀನು ಹೋದ ಮೇಲೆ ನಾನು ಅಲ್ಲೇ ಕೂತಿದ್ದೆ. ಪ್ರಿಂಟ್ ತೆಗೆಸಬೇಕು ಅಂತ ನೆಪ ಹೇಳಿದ್ದೆ. ನಿಜ ಏನೆಂದರೆ ನನಗೆ ಆ ಕ್ಷಣ ಖುಷಿಯಾಗಿತ್ತು, ಅದನ್ನು ನೀನು ನೋಡಬಾರದಿತ್ತು. ನನಗೆ ಸಿಕ್ಕಿತು ಅನ್ನುವ ಖುಷಿ ಒಂದು. ನಿನಗೆ ಸಿಗಲಿಲ್ಲ ಅನ್ನುವುದರಿಂದ ಬಂದ ಖುಷಿ ಇನ್ನೊಂದು. ನಮ್ಮ ಕಾಲೇಜಿನಿಂದ ಇಬ್ಬರು ಅಂತಲ್ಲ, ಒಬ್ಬನೇ ಅಂತ ಆಯಿತು. ಮರುದಿನ ಪೇಪರಿನಲ್ಲಿ ಒಂದೇ ಫೋಟೋ ಬಂತು. ಅದನ್ನು ಕತ್ತರಿಸಿ ಇಟ್ಟವರು ನಿಮ್ಮ ಅವ್ವ. ಈಗಲೂ ನಿಮ್ಮ ಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಪ್ರತಿ ಸಲ ಬಂದಾಗ ಅದು ಕಣ್ಣಿಗೆ ಬೀಳುತ್ತದೆ, ನಾನು ಬೇರೆ ಕಡೆ ನೋಡುತ್ತೇನೆ.

ನನ್ನ ರ‍್ಯಾಂಕಿಗೆ ಖರಗಪುರದಲ್ಲಿ ಕೃಷಿ ಎಂಜಿನಿಯರಿಂಗ್ ಸಿಕ್ಕಿತು. ಬ್ರಾಂಚ್ ಯಾವುದಾದರೂ ಇರಲಿ, ಐಐಟಿ ಆದರೆ ಸಾಕು ಅಂದರು ಎಲ್ಲರೂ. ನಾನೂ ಅದನ್ನೇ ಅಂದೆ. ಆ ವಿಷಯದ ಮೇಲೆ ನನಗೆ ಒಂದು ದಿನವೂ ಪ್ರೀತಿ ಹುಟ್ಟಲಿಲ್ಲ. ಲೈಬ್ರರಿ ಚೆನ್ನಾಗಿತ್ತು, ಜೊತೆಗಾರರು ಚುರುಕಿದ್ದರು, ಇಬ್ಬರು ಮೇಷ್ಟ್ರನ್ನು ಜೀವನಪೂರ್ತಿ ಮರೆಯಲಾರೆ. ಅಲ್ಲಿ ಹಿಜ್ಲಿ ಅಂತ ಒಂದು ಹಳೆಯ ಕಟ್ಟಡ ಇದೆ, ನಿನಗೆ ಪತ್ರದಲ್ಲಿ ಬರೆದಿದ್ದೆ. ಬ್ರಿಟಿಷರು ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ. 1931ರಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಕೈದಿಗಳು ಸತ್ತದ್ದು ಅಲ್ಲೇ. 1951ರಲ್ಲಿ ದೇಶದ ಮೊದಲ ಐಐಟಿ ಶುರುವಾದದ್ದೂ ಅದೇ ಕಟ್ಟಡದಲ್ಲಿ. ಒಳಗೆ ಬಂದವರು ಹೊರಗೆ ಹೋಗಲು ಒದ್ದಾಡಿದ ಮನೆ, ಈಗ ಹೊರಗಿನವರು ಒಳಗೆ ಬರಲು ಒದ್ದಾಡುತ್ತಾರೆ. ಅದರ ಮುಂದೆ ಫೋಟೋ ತೆಗೆಸಿಕೊಂಡಾಗ ನಿನ್ನ ನೆನಪಾಗಿತ್ತು, ಇದು ಮಾತ್ರ ಸುಳ್ಳಲ್ಲ.

ಆದರೆ ಆಮೇಲಿನ ಬದುಕಿನಲ್ಲಿ ನನಗೆ ಕೆಲಸಕ್ಕೆ ಬಂದದ್ದು ಕಲಿತ ವಿಷಯಕ್ಕಿಂತ ಆ ಹೆಸರೇ ಜಾಸ್ತಿ. ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ಹೋದಾಗ ನಾನು ಬಾಯಿ ತೆರೆಯುವ ಮೊದಲೇ ಎದುರಿನವರು ಅರ್ಧ ಒಪ್ಪಿರುತ್ತಿದ್ದರು. ಈಗ ನಾನೇ ಎದುರು ಕೂತಿರುತ್ತೇನೆ. ಅರ್ಜಿಗಳ ರಾಶಿ ಬಂದಾಗ ಕಣ್ಣು ಮೊದಲು ಕಾಲೇಜಿನ ಹೆಸರಿಗೆ ಹೋಗುತ್ತದೆ. ಹದಿನೇಳನೇ ವಯಸ್ಸಿನಲ್ಲಿ ಒಂದು ದಿನ ಬರೆದ ಪರೀಕ್ಷೆ, ಅದನ್ನು ನಲವತ್ತರ ಹತ್ತಿರ ಬಂದವರಲ್ಲೂ ಹುಡುಕುತ್ತೇನೆ. ನಿನ್ನ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ಯಾವ ಕಡೆ ಇಡುತ್ತಿದ್ದೆ? ಈ ಪ್ರಶ್ನೆ ಈ ವಾರ ಇಡೀ ಕಾಡಿದೆ. ಉತ್ತರ ನನಗೆ ಗೊತ್ತಿದೆ, ನಿನಗೂ ಗೊತ್ತಿದೆ.

ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಕೂತ ಮೇಲೆ ನಿಂತವರ ಮುಖ ನೋಡುವುದಿಲ್ಲ. ಸೀಟಿಗೆ ಅಷ್ಟು ಬೆಲೆ ಬಂದದ್ದೇ ನಿಂತವರಿಂದ. ಖಾಲಿ ಬಸ್ಸಿನಲ್ಲಿ ಯಾರು ಟವೆಲ್ ಹಾಕುತ್ತಾರೆ? ಈಗ ಮೊದಲ ಹಂತಕ್ಕೆ ಮೇನ್ ಅಂತಾರೆ, ಎರಡನೆಯದಕ್ಕೆ ಅಡ್ವಾನ್ಸ್‌ಡ್. 2024ರಲ್ಲಿ ಜೆಇಇ ಅಡ್ವಾನ್ಸ್‌ಡ್ ಬರೆದವರು 1,80,200 ಮಂದಿ. 23 ಐಐಟಿಗಳಲ್ಲಿದ್ದ ಸೀಟು 17,740. ಅದೂ ಮೇನ್ ಬರೆದ ಹತ್ತಾರು ಲಕ್ಷ ಮಂದಿಯನ್ನು ಸೋಸಿದ ಮೇಲೆ. ಆ ಸೀಟುಗಳ ಗೆರೆಯ ಹತ್ತಿರ ಒಂದೊಂದು ಅಂಕಕ್ಕೆ ನೂರಾರು ಮಕ್ಕಳು ಒತ್ತಿಕೊಂಡು ನಿಂತಿರುತ್ತಾರೆ. ಗೆರೆಯ ಈ ಕಡೆಯವನು ಬುದ್ಧಿವಂತ, ಆ ಕಡೆಯವನು ಅಲ್ಲ ಅಂತ ನಾವು ಜೀವಮಾನ ಪೂರ್ತಿ ನಂಬುತ್ತೇವೆ.

ಗೆರೆ ದಾಟಿದ ಮೇಲೂ ಮುಗಿಯುವುದಿಲ್ಲ. ಅದೇ 2024ರಲ್ಲಿ ಉತ್ತರ ಪ್ರದೇಶದ ಒಬ್ಬ ಹುಡುಗನಿಗೆ ಧನಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತ್ತು. ತಂದೆ ಕೂಲಿ ಮಾಡುವವರು. 17,500 ರೂಪಾಯಿ ಹೊಂದಿಸುವಷ್ಟರಲ್ಲಿ ಶುಲ್ಕ ಕಟ್ಟುವ ಸಮಯ ಕೆಲವೇ ನಿಮಿಷಗಳಲ್ಲಿ ಮೀರಿತು, ಸೀಟು ಹೋಯಿತು. ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು ಅವನು. ಸೆಪ್ಟೆಂಬರ್ 30ರಂದು ಕೋರ್ಟ್ ಅವನಿಗೆ ಸೀಟು ಕೊಡಿಸಿತು. ಸುದ್ದಿ ಓದಿದಾಗ ನಿಮ್ಮಪ್ಪನ ಹೊಲಿಗೆ ಮಷೀನು ಕಣ್ಣ ಮುಂದೆ ಬಂತು. ನನಗೆ ಸೀಟು ತಪ್ಪಿದ್ದರೆ ಅಪ್ಪ ಇನ್ನೊಂದು ವರ್ಷ ಮನೆಯಲ್ಲಿ ಕೂರಿಸಿ ಓದಿಸುತ್ತಿದ್ದರು. ಮಾತು ಆಗಲೇ ಆಗಿತ್ತು. ನಿನಗೆ ಆ ಇನ್ನೊಂದು ವರ್ಷ ಇರಲಿಲ್ಲ. ಸಿಇಟಿಯಲ್ಲಿ ಸಿಕ್ಕಿದ್ದೂ ಬೇಡ ಅಂದು ಬಿಎಸ್‌ಸಿಗೆ ಸೇರಿದೆ, ಮನೆಯಿಂದ ನಡೆದು ಹೋಗಬಹುದು ಅಂತ. ಫಿಸಿಕ್ಸ್ ಇಷ್ಟ ಅಂತ ಹೇಳಿದೆ. ಇಷ್ಟವೂ ಇತ್ತು, ಅದು ನನಗೆ ಗೊತ್ತು.

ಈಗ ನಿನ್ನ ಕ್ಲಾಸಿನ ಮಕ್ಕಳು ಜೆಇಇ ಮೇನ್ ಅನ್ನು ಕನ್ನಡದಲ್ಲಿ ಬರೆಯಬಹುದು, 2021ರಿಂದ. ಅಡ್ವಾನ್ಸ್‌ಡ್ ಮಾತ್ರ ಇವತ್ತಿಗೂ ಇಂಗ್ಲಿಷ್, ಇಲ್ಲ ಹಿಂದಿ. ಮೆಟ್ಟಿಲವರೆಗೆ ಕನ್ನಡ, ಬಾಗಿಲ ಒಳಗೆ ಇಲ್ಲ. ನೀನು ಇನ್ನೂ ಪುಸ್ತಕದ ಅಂಚಿನಲ್ಲಿ ಕನ್ನಡ ಪದ ಬರೆಸುತ್ತೀಯಂತೆ, ನಿನ್ನ ಒಬ್ಬ ವಿದ್ಯಾರ್ಥಿ ನಮ್ಮ ಆಫೀಸಿಗೆ ಸೇರಿದಾಗ ಹೇಳಿದ. ರೊಟೇಶನ್ ಅನ್ನು ಇಷ್ಟು ಚೆನ್ನಾಗಿ ಹೇಳಿಕೊಡುವವರು ಇಡೀ ಜಿಲ್ಲೆಯಲ್ಲಿ ಇಲ್ಲ ಅಂತಲೂ ಹೇಳಿದ. ಅವನ ಮುಂದೆ ನನಗೆ ಮಾತೇ ಹೊರಡಲಿಲ್ಲ.

ಸುಳ್ಳನ್ನು ಎಲ್ಲರ ಮುಂದೆ ಹೇಳಿದ್ದೆ, ಅದಕ್ಕೇ ಇದೂ ಎಲ್ಲರ ಮುಂದೆ. ಅಕ್ಕನ ಮಗಳಿಗೂ ನಿನ್ನೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಅವರಿಗೆ ಗೊತ್ತಾ?" ಅಂತ ಕೇಳಿದಳು. ಇಲ್ಲ ಅಂದೆ. ಆಮೇಲೆ ಅನುಮಾನ ಬಂತು. ಆ ರಾತ್ರಿ ಬಸ್ಸಿನಲ್ಲಿ ಛತ್ರಿ ತೆಗೆಯಲು ನನ್ನ ಬ್ಯಾಗಿಗೆ ಕೈ ಹಾಕಿದವನು ನೀನೇ ಅಲ್ವಾ?

ಬೇಡ, ಅದಕ್ಕೆ ಇಲ್ಲಿ ಉತ್ತರಿಸಬೇಡ. ಬೇರೆ ಮಾತಾಡೋಣ.

ಖರಗಪುರದಿಂದ ಮೊದಲ ಸಲ ಊರಿಗೆ ಬಂದಾಗ ನಿನ್ನ ಹತ್ತಿರ ಎರಡು ವಿಷಯ ಕೊಚ್ಚಿಕೊಂಡಿದ್ದೆ. ನಮ್ಮದು ಐಐಟಿ ಊರು ಅಂತ ಒಂದು. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ನಮ್ಮದು, ಒಂದು ಕಿಲೋಮೀಟರಿಗೂ ಜಾಸ್ತಿ ಅಂತ ಇನ್ನೊಂದು. ನೀನು ಎರಡನ್ನೂ ಬಾಯಿ ಬಿಟ್ಟುಕೊಂಡು ಕೇಳಿದ್ದೆ. ಈಗ ನೋಡು. 2023ರ ಮಾರ್ಚ್ 12ರಂದು ಧಾರವಾಡದ ಐಐಟಿ ಕ್ಯಾಂಪಸ್ ಉದ್ಘಾಟನೆ ಆಯಿತು. ಅದೇ ದಿನ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮೂ ಉದ್ಘಾಟನೆ ಆಯಿತು, ಜಗತ್ತಿನಲ್ಲೇ ಅತಿ ಉದ್ದದ್ದು. ಎರಡೂ ಒಂದೇ ದಿನ ನಿನ್ನ ಕಡೆ ಬಂದವು. ಟಿವಿಯಲ್ಲಿ ನೋಡುತ್ತಾ ನಾನು ಒಬ್ಬನೇ ಚಪ್ಪಾಳೆ ಹೊಡೆದಿದ್ದೆ.

ಮುಂದಿನ ತಿಂಗಳ ಎರಡನೇ ಶನಿವಾರ ರಾತ್ರಿ ರೈಲಿಗೆ ಬರುತ್ತೇನೆ. ಧಾರವಾಡದವರೆಗೆ ಬರುವುದಿಲ್ಲ, ಹುಬ್ಬಳ್ಳಿಯಲ್ಲೇ ಇಳಿಯುತ್ತೇನೆ. ನೀನು ಆ ತುದಿಯಲ್ಲಿ ನಿಂತಿರು, ನಾನು ಈ ತುದಿಯಿಂದ ನಡೆದು ಬರುತ್ತೇನೆ. ಹಾಳೆಗಳು ಇನ್ನೂ ಇವೆ, ಮಡಿಕೆಯಲ್ಲಿ ಹರಿದಿವೆ, ತರುತ್ತೇನೆ. ಎಂಟನೇ ಲೆಕ್ಕ ನನಗೆ ಅವತ್ತೂ ಅರ್ಥ ಆಗಿರಲಿಲ್ಲ. ನೀನು ಹೇಳಿಕೊಡಬೇಕು.

ಮಳೆ ಇದ್ದರೆ ಛತ್ರಿ ಇದೆ.

ನಿನ್ನ,
ಬಲಗಡೆ ಬೆಂಚಿನವನು