ಅದು ಯುಪಿಎಸ್ ಸದ್ದಲ್ಲ, ಮಾಣಿ

ಪ್ರೀತಿಯ ಮಾಣಿ,

ಇಲ್ಲಿ ರಾತ್ರಿ 9.30. ಡಲ್ಲಾಸ್‌ನಲ್ಲಿ ನಿನಗೆ ಬೆಳಿಗ್ಗೆ 11 ಆಗಿರಬೇಕು, ಎರಡನೇ ಕಾಫಿಯ ಹೊತ್ತು. ನಿನ್ನ ಮೆಸೇಜು ಬಂದು ಮೂರು ದಿನವಾಯಿತು. "ನಂಗೂ ಈಗ ದೂರದ ತಂಡ ಕೊಟ್ಟಿದ್ದಾರೆ ಮಾರಾಯ. ಏಳು ಜನ, ನಾಲ್ಕು ಊರು. ನೀನು ಇಷ್ಟು ವರ್ಷದಿಂದ ಮಾಡ್ತಿದ್ದೀಯಲ್ಲ, ಏನಾದ್ರೂ ಹೇಳು" ಎಂದಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೀಗೆ ಊರೂರಲ್ಲಿ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ತಂಡ ನಡೆಸುವವರು ಈಗ ನಮ್ಮ ಕಡೆ ಬೀದಿಗೊಬ್ಬರು ಇದ್ದಾರೆ. ಅವರೂ ಓದಲಿ ಎಂದು ಎಲ್ಲರೆದುರೇ ಬರೆಯುತ್ತಿದ್ದೇನೆ. ಹಳದಿ ಛತ್ರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಒಳ್ಳೆಯದು ಜಾಸ್ತಿಯೇ ಇದೆ. 2020ರ ಮಾರ್ಚ್‌ನಲ್ಲಿ ಆಫೀಸಿನ ಮಾನಿಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದೆ. 24ನೇ ತಾರೀಖು ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. 21 ದಿನ ಎಂದರು. ಆ ಮಾನಿಟರ್ ಈಗಲೂ ಮೈಸೂರಿನ ಈ ಮೇಜಿನ ಮೇಲೆ ಇದೆ. ಸಿಲ್ಕ್ ಬೋರ್ಡ್ ದಾಟಿ ಮಾರತಹಳ್ಳಿಗೆ ಹೋಗಿಬರುವುದರಲ್ಲಿ ಕಳೆಯುತ್ತಿದ್ದ ಗಂಟೆಗಳು ನಮ್ಮ ಹುಡುಗರಿಗೆ ವಾಪಸ್ ಸಿಕ್ಕವು. ಪೀಜಿ ಬಾಡಿಗೆ ಉಳಿಯಿತು. ಮಗುವಾದ ಮೇಲೆ ಕೆಲಸ ಬಿಡಬೇಕು ಎಂದುಕೊಂಡಿದ್ದ ಇಬ್ಬರು ಹೆಣ್ಣುಮಕ್ಕಳು ಬಿಡಲಿಲ್ಲ. ಬೆಂಗಳೂರಿಗೆ ಬರಲು ಸಾಧ್ಯವೇ ಇಲ್ಲದ ಒಳ್ಳೊಳ್ಳೆಯವರು ತಂಡಕ್ಕೆ ಸೇರಿದರು. ಈಗ ನಾವು ಒಂಬತ್ತು ಜನ. ಬೆಂಗಳೂರಲ್ಲಿ ನಾಲ್ವರು, ಪೋಲೆಂಡಿನಲ್ಲಿ ಇಬ್ಬರು, ಕೊಚ್ಚಿಯಲ್ಲಿ ಒಬ್ಬ, ಹುಬ್ಬಳ್ಳಿಯಲ್ಲಿ ಒಬ್ಬಳು, ಇಲ್ಲಿ ನಾನು.

ಕಷ್ಟಗಳಲ್ಲಿ ಚಿಕ್ಕವು ನಿನಗೆ ಬೇಗ ಅಭ್ಯಾಸವಾಗುತ್ತವೆ. "ನಾಳೆ ಬೆಳಿಗ್ಗೆ" ಎಂದು ಎಲ್ಲೂ ಬರೆಯಬೇಡ, ಯಾವ ಊರಿನ ಎಷ್ಟು ಗಂಟೆ ಎಂದು ಬರಿ. ಅಕ್ಟೋಬರ್ ಕೊನೆಯ ಭಾನುವಾರ ಯೂರೋಪಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಿಮ್ಮವರು ನವೆಂಬರ್ ಮೊದಲ ಭಾನುವಾರ. ನಡುವಿನ ಆ ವಾರದಲ್ಲಿ ಎಲ್ಲ ಮೀಟಿಂಗೂ ತಲೆಕೆಳಗಾಗುತ್ತದೆ, ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೋ. ಕಾಲ್‌ನಲ್ಲಿ ಏನೇ ತೀರ್ಮಾನವಾದರೂ ಅದೇ ದಿನ ಒಂದು ಕಡೆ ಬರೆದಿಡು, ಯಾಕೆ ಹಾಗೆ ತೀರ್ಮಾನ ಮಾಡಿದಿರಿ ಎನ್ನುವುದನ್ನೂ ಸೇರಿಸು. ಮೂರು ತಿಂಗಳ ಮೇಲೆ ಆ "ಯಾಕೆ" ಯಾರಿಗೂ ನೆನಪಿರುವುದಿಲ್ಲ.

ದೊಡ್ಡ ಕಷ್ಟ ಬೇರೆ. ಒಂಬತ್ತು ಜನರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ ನೋಡು, 36 ಜೋಡಿ ಆಗುತ್ತದೆ. ಆಫೀಸಿನಲ್ಲಿ ಆ 36 ಜೋಡಿಗೂ ಟೀ ಅಂಗಡಿಯೋ ಲಿಫ್ಟೋ ಮಾತಿನ ಜಾಗ ಕೊಡುತ್ತಿತ್ತು. ಈಗ ಹುಬ್ಬಳ್ಳಿಯವಳ ವಿಷಯ ಕೊಚ್ಚಿಯವನಿಗೆ ಗೊತ್ತಾಗಬೇಕಾದರೆ ಅದು ನನ್ನನ್ನು ದಾಟಿ ಹೋಗಬೇಕು. ನನಗೇ ಗೊತ್ತಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಇಷ್ಟು ಹೇಳಿ ಮುಗಿಸಬೇಕು ಎಂದೇ ಕೂತಿದ್ದೆ. ಆಗುತ್ತಿಲ್ಲ ಮಾಣಿ. ಹುಬ್ಬಳ್ಳಿಯವಳ ವಿಷಯವನ್ನೇ ಹೇಳಬೇಕು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಸರ್, ಹೆಸರೊಂದ ಬ್ಯಾಡ" ಎಂದಳು.

ಅವಳು ತಂಡಕ್ಕೆ ಬಂದು ಎರಡು ವರ್ಷವಾಯಿತು. ಕೋಡ್ ಅಚ್ಚುಕಟ್ಟು. ಬೇರೆಯವರ ಕೋಡ್ ರಿವ್ಯೂ ಮಾಡುವಾಗ ಬರೆಯುವ ಟಿಪ್ಪಣಿಗಳಲ್ಲಿ ಒಂದು ಒರಟು ಮಾತು ಇರುವುದಿಲ್ಲ. ಆದರೆ ಕಾಲ್‌ನಲ್ಲಿ ಮಾತು ಕಡಿಮೆ. ಬೆಳಿಗ್ಗೆ 9.30ರ ಸ್ಟ್ಯಾಂಡಪ್‌ನಲ್ಲಿ, ಅಂದರೆ ಒಬ್ಬೊಬ್ಬರೂ ತಮ್ಮ ಕೆಲಸ ಎಲ್ಲಿಗೆ ಬಂತು ಎಂದು ಹೇಳುವ ದಿನದ ಚಿಕ್ಕ ಮೀಟಿಂಗಿನಲ್ಲಿ, ಕ್ಯಾಮೆರಾ ಆಫ್. ತನ್ನ ಸರದಿ ಬಂದಾಗ ಮ್ಯೂಟ್ ತೆಗೆದು ಎರಡು ಸಾಲು ಹೇಳಿ ಮತ್ತೆ ಮ್ಯೂಟ್. ಆ ಎರಡು ಸಾಲಿನ ಹಿಂದೆ ಎಷ್ಟೋ ಸಲ ಒಂದು ಬೀಪ್ ಬೀಪ್ ಸದ್ದು ಕೇಳುತ್ತಿತ್ತು. ನಾನು ಪ್ರತಿ ಸಲ ನಗುತ್ತಾ "ನಿಮ್ಮ ಯುಪಿಎಸ್ ಬ್ಯಾಟರಿ ಹೋಗಿದೆ ಕಣಮ್ಮಾ, ಮೊದಲು ಬದಲಿಸಿ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. "ಹೂಂ ಸರ್, ಬದಲಸ್ತೀನಿ" ಎನ್ನುತ್ತಿದ್ದಳು. ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ಕೂಗುವ ಯುಪಿಎಸ್ ಎಲ್ಲಾದರೂ ಉಂಟಾ? ನನಗೆ ಹೊಳೆಯಲೇ ಇಲ್ಲ.

ಕಳೆದ ತಿಂಗಳು ಒಂದು ಬುಧವಾರ ಅವಳು ಮ್ಯೂಟ್ ಹಾಕುವುದನ್ನು ಮರೆತಳು. ಬೀಪ್ ಶುರುವಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ದನಿ ಕೇಳಿಸಿತು. "ಅಜ್ಜಾರ, ಕೈ ಅಳ್ಳಾಡಿಸಬ್ಯಾಡ್ರಿ. ಸೂಜಿ ಐತ್ರಿ."

ಕಾಲ್ ಮುಗಿದ ಮೇಲೆ ಅವಳಿಗೆ ಫೋನ್ ಮಾಡಿದೆ. ಅಪ್ಪನಿಗೆ ಕಿಡ್ನಿ ಕೆಲಸ ಮಾಡುತ್ತಿಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಹದಿನಾಲ್ಕು ತಿಂಗಳಿಂದ. ಅಣ್ಣ ತಮ್ಮ ಯಾರೂ ಇಲ್ಲ, ಅಮ್ಮನಿಗೆ ಮಂಡಿನೋವು. ಬೆಳಗಿನ ಪಾಳಿಗೆ ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ, ಪಕ್ಕದ ಕುರ್ಚಿಯಲ್ಲಿ ಕೂತು, ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ಕೆಲಸ. ಅವರು ಕೈ ಮಡಚಿದರೆ ರಕ್ತದ ನಳಿಗೆಯಲ್ಲಿ ಒತ್ತಡ ಏರುತ್ತದೆ, ಮಷೀನು ಕೂಗುತ್ತದೆ. ನನ್ನ ಯುಪಿಎಸ್ ಅದು.

"ಹೇಳಬಾರದಿತ್ತಾ?" ಎಂದೆ.

"ಹೇಳಿದ್ರ ನೀವು ಪಾಪ ಅಂತ ಕೆಲಸ ಕಡಿಮಿ ಮಾಡ್ತೀರಿ ಸರ್. ಆಮ್ಯಾಲೆ ದೊಡ್ಡ ಕೆಲಸ ಯಾವ್ದೂ ಕೊಡಂಗಿಲ್ಲ" ಎಂದಳು.

ಹಾಗೆಲ್ಲ ಮಾಡುವವನಲ್ಲ ನಾನು ಎಂದು ಹೇಳಲು ಹೊರಟೆ. ಹೇಳಲಾಗಲಿಲ್ಲ. ಯಾಕೆಂದರೆ ಏನೂ ಗೊತ್ತಿಲ್ಲದೆಯೇ ನಾನು ಅದನ್ನು ಮಾಡಿ ಮುಗಿಸಿದ್ದೆ. ಏಪ್ರಿಲ್‌ನ ಅಪ್ರೈಸಲ್‌ನಲ್ಲಿ ಅವಳ ಹೆಸರಿನ ಮುಂದೆ ನನ್ನ ಕೈಯಾರೆ ಬರೆದಿದ್ದೇನೆ: "ಕೆಲಸ ಉತ್ತಮ. ಮೀಟಿಂಗ್‌ಗಳಲ್ಲಿ ತೊಡಗಿಕೊಳ್ಳುವುದು ಕಡಿಮೆ. ಮುಂದಾಳತ್ವಕ್ಕೆ ಇನ್ನೂ ಸಮಯ ಬೇಕು." ಲೀಡ್ ಜಾಗ ಬೆಂಗಳೂರಿನ ಹುಡುಗನಿಗೆ ಹೋಯಿತು. ಅವನು ಒಳ್ಳೆಯವನೇ, ಅವನ ತಪ್ಪೇನೂ ಇಲ್ಲ. ನಾನು ಮಂಗಳವಾರ ಬೆಂಗಳೂರಿಗೆ ಹೋದಾಗ ಅವನ ಜೊತೆ ಊಟ ಮಾಡುತ್ತೇನೆ. ಅವನ ಮುಖ ನನಗೆ ಗೊತ್ತು. ಇವಳ ಮುಖ ಎರಡು ವರ್ಷದಲ್ಲಿ ನಾಲ್ಕೈದು ಸಲ ನೋಡಿದ್ದೆನೇನೋ, ಅದೂ ಪರದೆಯಲ್ಲಿ.

ಇದರಲ್ಲಿ ನನಗೆ ಜಾಸ್ತಿ ನೋವು ಕೊಟ್ಟಿದ್ದು ಇನ್ನೊಂದು. ಶಾಂಘೈಯ ಸೀಟ್ರಿಪ್ ಕಂಪನಿಯ ಪ್ರಯೋಗದ ಬಗ್ಗೆ ನಿನಗೆ ಹಿಂದೊಮ್ಮೆ ಕಳಿಸಿದ್ದೆನಲ್ಲ? ಕಾಲ್ ಸೆಂಟರ್ ನೌಕರರನ್ನು ಒಂಬತ್ತು ತಿಂಗಳು ವಾರಕ್ಕೆ ನಾಲ್ಕು ದಿನ ಮನೆಯಿಂದ ಕೆಲಸ ಮಾಡಿಸಿ ನೋಡಿದ್ದು. ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ್ದರು. ಮನೆಯಲ್ಲಿದ್ದವರ ಕೆಲಸ ಶೇ 13ರಷ್ಟು ಹೆಚ್ಚಾಯಿತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ನಮ್ಮ ಮೇಲಿನವರನ್ನು ಒಪ್ಪಿಸಲು ಈ ಎರಡು ಅಂಕಿಗಳನ್ನು ದೊಡ್ಡ ಅಕ್ಷರದಲ್ಲಿ ಸ್ಲೈಡಿಗೆ ಹಾಕಿದ್ದೆ. ಅದೇ ಲೇಖನದಲ್ಲಿ ಇನ್ನೊಂದು ಮಾತಿದೆ. ಅಷ್ಟೇ ಚೆನ್ನಾಗಿ ಕೆಲಸ ಮಾಡಿದ್ದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವುದು ಕಡಿಮೆಯಾಗಿತ್ತು. ಪ್ರಯೋಗ ಮುಗಿದ ಮೇಲೆ ಅವರಲ್ಲಿ ಸುಮಾರು ಅರ್ಧದಷ್ಟು ಜನ ಒಂಟಿತನ ತಾಳದೆ ಆಫೀಸಿಗೇ ವಾಪಸ್ ಬಂದಿದ್ದರು. ಅದನ್ನೂ ನಾನು ಓದಿದ್ದೆ ಮಾಣಿ. ಸ್ಲೈಡಿಗೆ ಹಾಕಲಿಲ್ಲ.

"ನಾನು ಯಾರ ಬೆನ್ನಿಗೂ ಬೀಳಲ್ಲ, ಕೆಲಸ ಆದ್ರೆ ಸಾಕು" ಎಂದು ಎಷ್ಟು ಸಲ ನಿನಗೆ ಹೇಳಿದ್ದೇನೆ! ತಂಡದವರಿಗೆ ಅದು ಇಷ್ಟ, ನನಗೂ ಇಷ್ಟ. ಆದರೆ ಅದರೊಳಗೆ ನನ್ನ ಒಂದು ಅನುಕೂಲವೂ ಸೇರಿಕೊಂಡಿತ್ತು ಎಂದು ಈಗ ಅನ್ನಿಸುತ್ತಿದೆ. ಕೇಳದೇ ಇದ್ದರೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಏನೂ ಮಾಡಬೇಕಾಗಿಲ್ಲ, ರಿಲೀಸ್ ತಾರೀಖನ್ನು ಮುಂದಕ್ಕೆ ಹಾಕಿ ಎಂದು ಯಾರ ಹತ್ತಿರವೂ ಬೇಡಬೇಕಾಗಿಲ್ಲ. ಇಷ್ಟು ವರ್ಷ ನಾನು ಇದೇ ನೆರಳಲ್ಲಿ ಆರಾಮವಾಗಿದ್ದೆ.

2013ರ ಆ ಜುಲೈ ನಿನಗೆ ನೆನಪಿದೆಯಾ? ಅಪ್ಪಯ್ಯನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಊರಿಂದ ಫೋನ್ ಬಂದಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ನೀನು ಎರಡು ದಿನ ನನ್ನ ಟೀ ಲೋಟ ನೋಡಿದೆ. ಅರ್ಧ ಕುಡಿದು ಬಿಟ್ಟ ಟೀ, ಮೇಲೆ ಕೆನೆ ಕಟ್ಟಿತ್ತು. ಮೂರನೇ ದಿನ ಕುರ್ಚಿ ಎಳೆದುಕೊಂಡು ಕೂತು ಕೇಳಿದ್ದು ಒಂದೇ ಮಾತು, "ಊರಿಗೆ ಯಾವ ಬಸ್ಸಿಗೆ ಹೋಗ್ತೀಯ?" ಅಂದಿನ ರಾತ್ರಿ ಪಾಳಿ ನೀನೇ ಮಾಡಿದೆ. ನಾನು ತೀರ್ಥಹಳ್ಳಿಯಲ್ಲಿ ಇಳಿದಾಗ ಅಪ್ಪಯ್ಯ ಇನ್ನೂ ಮಾತಾಡುತ್ತಿದ್ದರು. ಇದಕ್ಕೆ ನಾನು ನಿನಗೆ ಯಾವತ್ತೂ ಥ್ಯಾಂಕ್ಸ್ ಹೇಳಿಲ್ಲ. ಇಲ್ಲಿ, ಇಷ್ಟು ಜನರ ಮುಂದೆ ಹೇಳುತ್ತೇನೆ ಎಂದು ಎಣಿಸಿಯೂ ಇರಲಿಲ್ಲ.

ಹೋದ ವಾರ ಹುಬ್ಬಳ್ಳಿಗೆ ಹೋಗಿದ್ದೆ. ಅವಳ ಅಪ್ಪನ ಮಂಚದ ಪಕ್ಕ ನಾನೂ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೂರ್ತಿ ಕೂತೆ. ಅವಳು ಮಡಿಲಲ್ಲಿ ದಿಂಬು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುತ್ತಾಳೆ. ಎಡಗೈ ಅಪ್ಪನ ಮಣಿಕಟ್ಟಿನ ಮೇಲೆ, ಅವರು ನಿದ್ದೆಗಣ್ಣಲ್ಲಿ ಕೈ ಮಡಚದ ಹಾಗೆ. ಬಲಗೈ ಒಂದರಲ್ಲೇ ಟೈಪ್ ಮಾಡುತ್ತಾಳೆ. ಆ ಒಂದು ಕೈ ಬರೆದ ಕೋಡನ್ನೇ ನಾವು ಹದಿನಾಲ್ಕು ತಿಂಗಳು ಅಚ್ಚುಕಟ್ಟು ಎಂದು ಹೊಗಳಿದ್ದು.

ಹೊರಡುವಾಗ ಅವಳು ಹೇಳಿದ ಮಾತು ಕೇಳು. "ಆಫೀಸಿಗೆ ಬರಬೇಕು ಅಂದಿದ್ರ ಮೊದಲನೇ ವಾರನ ರಾಜೀನಾಮಿ ಕೊಡ್ತಿದ್ದೆ ಸರ್. ಇದು ಇರೋದಕ್ಕ ಅಪ್ಪಾನೂ ಅದಾನ, ಕೆಲಸಾನೂ ಐತಿ." ಹಾಗಾಗಿ ಎಲ್ಲರನ್ನೂ ವಾಪಸ್ ಆಫೀಸಿಗೆ ಕರೆಸಬೇಕು ಎನ್ನುವವರ ಜೊತೆ ನಾನು ಸೇರಲಾರೆ. ಅವಳಿಗೆ ಸಿಕ್ಕಿದ್ದೂ ನನಗೆ ಕಾಣದೇ ಹೋದದ್ದೂ ಈ ಒಂದೇ ದೂರದಿಂದ.

ಅಪ್ರೈಸಲ್ ತಿದ್ದಲು ಕೇಳಿದೆ. ಈ ವರ್ಷದ್ದು ಮುಚ್ಚಿಹೋಗಿದೆ, ಮುಂದಿನ ಏಪ್ರಿಲ್ ತನಕ ಆಗುವುದಿಲ್ಲ ಎಂದರು. ನಾನು ಬರೆದದ್ದು ತಪ್ಪು ಎಂದು ಮೇಲ್ ಹಾಕಿದ್ದೇನೆ, ಅವಳಿಗೂ ಅದರ ಪ್ರತಿ ಹೋಗಿದೆ. ಸ್ಟ್ಯಾಂಡಪ್ ಈಗ ಮಧ್ಯಾಹ್ನ 1.30ಕ್ಕೆ. ಪೋಲೆಂಡಿನವರಿಗೂ ಅದೇ ಸಲೀಸು, ಅಲ್ಲಿ ಆಗ ಬೆಳಿಗ್ಗೆ 10. ವಾರಕ್ಕೊಮ್ಮೆ ಒಬ್ಬೊಬ್ಬರಿಗೂ 20 ನಿಮಿಷ ಸುಮ್ನೆ ಫೋನ್ ಮಾಡುತ್ತೇನೆ, ಕೆಲಸದ ಮಾತು ಇಲ್ಲ. ಇದೂ ಸರಿಯೋ ಏನೋ ಗೊತ್ತಿಲ್ಲ. ಬಾಸ್ ಫೋನ್ ಮಾಡಿ "ಹೇಗಿದ್ದೀರಿ" ಎಂದರೆ ಮನಸ್ಸು ಬಿಚ್ಚಲೇಬೇಕು ಎಂದು ಯಾರಿಗಾದರೂ ಅನ್ನಿಸಿಬಿಟ್ಟರೆ? ನೀನು ಲೋಟ ನೋಡಿದ ಹಾಗೆ ಫೋನಿನಲ್ಲಿ ನೋಡುವುದು ಹೇಗೆ? ನಿನಗೆ ಹೊಳೆದರೆ ಹೇಳು. ಕೊಚ್ಚಿಯವನು ಮೊದಲ ವಾರ 20 ನಿಮಿಷವೂ ತನ್ನ ಹಿತ್ತಲಿನ ಹಲಸಿನ ಮರದ ಬಗ್ಗೆಯೇ ಮಾತಾಡಿದ. ಈ ಸಲ 43 ಕಾಯಿ ಬಿಟ್ಟಿದೆಯಂತೆ. ನನಗೆ ತುಂಬಾ ಖುಷಿಯಾಯಿತು.

ಹಲಸು ಎಂದಾಗ ನೆನಪಾಯಿತು. ಅಮ್ಮ ಹಪ್ಪಳ ಒತ್ತಿದ್ದಾಳೆ, ನಿನ್ನ ಪಾಲು ಬೇರೆ ಡಬ್ಬಿಯಲ್ಲಿದೆ. ನಿನ್ನ ತಂಗಿ ಮುಂದಿನ ತಿಂಗಳು ಅಲ್ಲಿಗೆ ಬರುತ್ತಾಳಲ್ಲ, ಅವಳ ಕೈಯಲ್ಲಿ ಕಳಿಸುತ್ತೇನೆ. ಒಬ್ಬನೇ ತಿನ್ನಬೇಡ, ಗಂಟೆ ಮಾಸ್ಟ್ರ ಮಗನಿಗೂ ನಾಲ್ಕು ಕೊಡು. ಮತ್ತೆ ಆ ಹಳದಿ ಛತ್ರಿ ನನ್ನ ಹತ್ತಿರವೇ ಇದೆ. ಎತ್ತುವುದಿಲ್ಲ ಎಂದಿದ್ದೆ, ಎತ್ತಿಬಿಟ್ಟೆ. ಮಳೆ ಹಿಡಿದಿದೆ ಮಾರಾಯ, ದಿನಾ ಬೇಕಾಗುತ್ತದೆ.

ಇಂತು ನಿನ್ನ,
ಮೂರನೇ ಇಡ್ಲಿ