ಕಾಲಿನ ರಕ್ತದ ಬಗ್ಗೆ ಮಂಜುನಾಥನಿಗೆ

ಗಂಗಾವತಿ

ಚಿ. ಮಂಜುನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಊರ ಸುದ್ದಿಯೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, "ಮಾವ, ಕಾಲಿಗಿಳಿದ ರಕ್ತ ಮೇಲೆ ಹತ್ತದೆ ಅಲ್ಲೇ ಕೆಟ್ಟುಹೋದರೆ?" ಅಂತ. ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಹತ್ತುತ್ತದಪ್ಪ. ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಟೇಬಲ್ ಮುಂದೆ ದಿನವಿಡೀ ನಿಂತರೂ ಹತ್ತುತ್ತದೆ. ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಸುಮ್ಮನೆ ಕೂತಿದ್ದರೂ ಹೃದಯ ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟನ್ನೇ ದೂಡುತ್ತದೆ. ಕಾಲಿಂದ ಮೇಲೆ ತರುವಾಗ ಮೀನಖಂಡವೂ ಕೈಜೋಡಿಸುತ್ತದೆ: ನಡೆದಾಗ ಬಿಗಿದು ರಕ್ತದ ನರಗಳನ್ನು ಹಿಂಡುತ್ತದೆ, ರಕ್ತ ಮೇಲೆ ಸರಿಯುತ್ತದೆ. ಸರಿದದ್ದು ಕೆಳಗೆ ಬೀಳದಂತೆ ಒಳಗೆ ಕವಾಟಗಳಿವೆ, ನಮ್ಮ ಬಾವಿಯ ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಇದ್ದ ಹಾಗೆ. ನಿಂತೇ ಇದ್ದರೆ ಹಿಂಡುವುದು ಕಡಿಮೆಯಾಗುತ್ತದೆ. ಕವಾಟ ಸಡಿಲಾದ ಕಡೆ ಒಂದಿಷ್ಟು ಹಿಂದಕ್ಕೆ ಜಾರಿ ನರ ಉಬ್ಬುತ್ತದೆ. ಆದರೂ ರಕ್ತ ಹರಿಯುತ್ತಲೇ ಇರುತ್ತದೆ, ಹೃದಯ ಮುಟ್ಟಿ, ಪುಪ್ಪುಸದಲ್ಲಿ ಆಮ್ಲಜನಕ ತುಂಬಿಕೊಂಡು ಮತ್ತೆ ಬರುತ್ತದೆ.

ನಂಬಿಕೆ ಬರದಿದ್ದರೆ ಕೈ ಇಳಿಬಿಟ್ಟು ನೋಡು. ಅಂಗೈಯ ಹಿಂಬದಿಯ ನರ ಉಬ್ಬುತ್ತದೆ. ಬೆರಳಿನ ಕಡೆ ಅದನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದರಿಂದ ಮಣಿಕಟ್ಟಿನ ಕಡೆಗೆ ಸವರಿ ಬಿಡು. ಸವರಿದಷ್ಟು ಜಾಗ ಚಪ್ಪಟೆಯಾಗಿಯೇ ಇದ್ದರೆ, ಮೇಲಿನ ರಕ್ತ ಹಿಂದೆ ಬರದಂತೆ ಕವಾಟ ತಡೆದಿದೆ ಅಂತ ತಿಳಿ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತಿ ಬರುತ್ತದೆಂದು ಪುಸ್ತಕ ಬರೆದಾಗ, ತೋಳಿಗೆ ಪಟ್ಟಿ ಕಟ್ಟಿ ಇದನ್ನೇ ತೋರಿಸಿದ್ದ.

ನಿಮ್ಮಜ್ಜಿಯ ಕಾಲು ನೀನು ಕಂಡಿಲ್ಲ. ಭತ್ತ ನಾಟಿ ಮುಗಿಸಿ ಬಂದು ಮತ್ತೆ ಒಲೆ ಮುಂದೆ ನಿಲ್ಲುತ್ತಿದ್ದಳು. ಮೊಣಕಾಲ ಹಿಂದೆ ಹಸಿರು ನರ ಗಂಟುಗಂಟಾಗಿದ್ದವು. ಹರಡಿನ ಹತ್ತಿರ ಚರ್ಮ ಕಪ್ಪಾಗಿ ಹುಣ್ಣಾಗಿತ್ತು; ಬೇವಿನೆಲೆ ಕುದಿಸಿದ ನೀರಲ್ಲಿ ತೊಳೆದುಕೊಳ್ಳುತ್ತಿದ್ದಳು. ಮುಂದೆ ನಾನು ಮೇಷ್ಟ್ರಾಗಿ ರಕ್ತಪರಿಚಲನೆಯ ಚಿತ್ರ ಬೋರ್ಡಿನ ಮೇಲೆ ಬಿಡಿಸುವ ಹೊತ್ತಿಗೆ ಅವಳಿರಲಿಲ್ಲ. "ಕಾಲು ಮೇಲಿಟ್ಟು ಮಲಗವ್ವ" ಅನ್ನಲು ಯಾರೂ ಇಲ್ಲದೆ ಹೋದರು. ಆ ಸಂಕಟ ಈಗಲೂ ಇದೆ. ನಿನ್ನ ಸಾಲು ಓದಿ ಎದೆ ಝಲ್ಲೆಂದದ್ದೂ ಅದಕ್ಕೇ.

ಹೇಳುವುದು ಸುಲಭ, ಪೀಸ್ ಲೆಕ್ಕದ ಕೆಲಸ ಬಿಟ್ಟು ಓಡಾಡು ಅನ್ನಲು ನನಗೂ ಬಾಯಿ ಬರುವುದಿಲ್ಲ. ಆದರೆ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರು. ರಾತ್ರಿ ಕಾಲು ಎದೆಗಿಂತ ಮೇಲಿರುವಂತೆ ದಿಂಬಿಟ್ಟುಕೊ. ಬಿಗಿ ಸಾಕ್ಸ್ ಹಾಕಬೇಕೋ ಬೇಡವೋ ಡಾಕ್ಟರನ್ನೇ ಕೇಳು.

ರಕ್ತ ಕೆಡುತ್ತದೆಂಬ ಚಿಂತೆ ಬಿಡು. ಆದರೆ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ತಡ ಮಾಡಬೇಡ. ಏನೂ ಆಗದಿದ್ದರೂ ಈ ವಾರದ ರಜೆಯಲ್ಲಿ ಒಮ್ಮೆ ತೋರಿಸಿಕೊಂಡು ಬಾ. ದುಡ್ಡು ನಾನು ಕಳಿಸುತ್ತೇನೆ. ನಿಮ್ಮವ್ವಗೆ ನಾನಿನ್ನೂ ಹೇಳಿಲ್ಲ. ಡಾಕ್ಟರು ಏನಂದರೆಂದು ನೀನೇ ಅವಳಿಗೆ ಹೇಳು.

ನಿನ್ನ ಮಾವ